ಬಳಸಿದ ಮೇಲೆ

ಟಪಾಲು ಗುಮಾಸ್ತನಿಗೆ ಬಂದ ಕಷ್ಟಕ್ಕೆಲ್ಲ ಕಾರಣ ಅವನ ತಲೆ ಚೆನ್ನಾಗಿದ್ದದ್ದು. ತಲೆ ಅಂದರೆ ಒಳಗಿನ ಸರಕಲ್ಲ. ಅದರ ಬಗ್ಗೆ ಕಚೇರಿಯಲ್ಲಿ ಯಾರಿಗೂ ಅಂಥ ಭರವಸೆ ಇರಲಿಲ್ಲ. ಮೇಲಿನ ಬೆಳೆ. ನಲವತ್ತೆರಡು ದಾಟಿದ್ದರೂ ಒತ್ತಾಗಿ, ಕಪ್ಪಗೆ, ಬಾಚಣಿಗೆಯ ಹಲ್ಲು ಮುರಿಯುವಂಥ ಕೂದಲು. ಅದಕ್ಕಾಗಿ ಅವನು ಮಾಡುತ್ತಿದ್ದದ್ದು ಇಷ್ಟೆ: ವಾರಕ್ಕೆರಡು ಸಲ ತೊಳೆದು, ಒರೆಸಿ, ಆಮೇಲೆ ಅದರ ತಂಟೆಗೆ ಹೋಗದೆ ಇರುವುದು.

ಬೇರೆ ಯಾವುದರಲ್ಲೂ ಅವನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಕಚೇರಿಯ ಗುಂಪು ಫೋಟೋದಲ್ಲಿ ಅವನ ಮುಖ ಪ್ರತಿವರ್ಷವೂ ಕಂಬದ ಹಿಂದೆ. ಮಾವನ ಮನೆಯಲ್ಲಿ ಒಳ್ಳೆಯ ಕುರ್ಚಿ ಯಾವಾಗಲೂ ಷಡ್ಡಕನಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ. ಷಡ್ಡಕನಿಗೆ ಎರಡು ಅಂಗಡಿ, ಒಂದು ಕಾರು, ನಾಲ್ಕು ಜನಕ್ಕಾಗುವಷ್ಟು ಗಂಟಲು. ಇಲ್ಲದ್ದು ಕೂದಲೊಂದೇ.

ಹೀಗಿರುವಾಗ ಗುರುತಿನ ಚೀಟಿಗೆ ಫೋಟೋ ತೆಗೆಸಲು ಸ್ಟುಡಿಯೋಗೆ ಹೋದವನನ್ನು ಅಲ್ಲಿ ಕೂತಿದ್ದ ಶಾಂಪೂ ಕಂಪನಿಯವನೊಬ್ಬ ಕಂಡುಬಿಟ್ಟ. ಕೇಳದೆಯೇ ಕೂದಲು ಬಿಡಿಸಿ, ಭೂತಗನ್ನಡಿ ಹಿಡಿದು, ಗಡಿಯಾರ ರಿಪೇರಿಯವನಂತೆ ಒಂದು ಕಣ್ಣು ಮುಚ್ಚಿ ನೋಡಿದ.

"ಆಹಾ! ಬುಡ ನೋಡ್ರೀ ಬುಡ! ಒಂದು ಹೊಟ್ಟಿಲ್ಲ, ಒಂದು ಗುಳ್ಳೆ ಇಲ್ಲ. ನೆಲ ಹೀಗಿದ್ರೆ ಬೆಳೆ ಬರದೆ ಇರತ್ತಾ? ನಮ್ಮ ಜಾಹೀರಾತು ಬೋರ್ಡಲ್ಲಿ 'ಬಳಸಿದ ಮೇಲೆ' ಅನ್ನೋ ಫೋಟೋ ನಿಮ್ಮದೇ!"

"ಆದ್ರೆ ನಾನು ನಿಮ್ಮ ಶಾಂಪೂ ಬಳಸೇ ಇಲ್ವಲ್ಲ ಸಾರ್?"

"ಅದಕ್ಕೇ ಇಷ್ಟು ಚೆನ್ನಾಗಿದೆ," ಎಂದವನು ನಾಲಿಗೆ ಕಚ್ಚಿಕೊಂಡು, ಮೇಲಿನವರಿಗೆ ತೋರಿಸಲೆಂದು ಅಲ್ಲೇ ಒಂದು ಫೋಟೋ ಹೊಡೆದುಕೊಂಡ. "ನಾಳೆ ಸಂಜೆ ಐದಕ್ಕೆ ಬನ್ನಿ, ಸರಿಯಾಗಿ ತೆಗೆಯೋಣ. 'ಬಳಸುವ ಮೊದಲು' ಅನ್ನೋದಕ್ಕೆ ಇನ್ನೊಂದು ತಲೆ ಹುಡುಕ್ತಾ ಇದ್ದೀನಿ. ನೀವು ಮಾತ್ರ ಅಲ್ಲೀವರೆಗೆ ತಲೆಗೆ ಏನೂ ಮಾಡ್ಬೇಡಿ."

ಬೋರ್ಡು ನಿಲ್ಲುವುದು ಮಾವನ ಮನೆಯ ಎದುರಿನ ಬಸ್ ನಿಲ್ದಾಣದಲ್ಲಿ ಎಂದು ಗೊತ್ತಾದಾಗ ಗುಮಾಸ್ತ ಮನೆಗೆ ನಡೆದು ಹೋದನೋ ತೇಲಿ ಹೋದನೋ ಅವನಿಗೇ ತಿಳಿಯಲಿಲ್ಲ.

'ಏನೂ ಮಾಡಬೇಡಿ' ಎನ್ನುವುದು ಸುಲಭ. ಆದರೆ ಏನೂ ಮಾಡದೆ ಇರಬೇಕಾದರೆ ಮನೆಯಲ್ಲಿ ಹೆಂಡತಿ ಇರಬಾರದು, ಪಕ್ಕದಲ್ಲಿ ಮನೆ ಇರಬಾರದು.

"ರೀ, ಭಾವ ದಿನಾ ನೋಡೋ ಜಾಗ. ಸ್ವಲ್ಪ ಹೊಳಪು ಬೇಡ್ವಾ?" ಬೆಳಿಗ್ಗೆ ಹೆಂಡತಿ ಎಣ್ಣೆ ಬಿಸಿಮಾಡಿ ತಂದಳು.

"ಕಂಪನಿಯವ್ರು ಏನೂ ಮಾಡ್ಬೇಡಿ ಅಂದಿದ್ದಾರೆ ಕಣೇ."

"ಎಣ್ಣೆ ಹಚ್ಚೋದನ್ನ ಯಾರಾದ್ರೂ 'ಏನೋ ಮಾಡಿದ್ರು' ಅಂತಾರಾ? ಸುಮ್ನೆ ಕೂತ್ಕೊಳ್ಳಿ."

ಬಿಸಿ ಒಂಚೂರು ಜಾಸ್ತಿಯಾಗಿತ್ತು. ಎಣ್ಣೆ ನೆತ್ತಿಗೆ ಬಿದ್ದ ಕ್ಷಣ ಗುಮಾಸ್ತ ಹಾಕಿದ ಜಿಗಿತವನ್ನು ಫೋಟೋ ತೆಗೆದಿದ್ದರೆ ಮೂಳೆ ಗಟ್ಟಿಯಾಗಿಸುವ ಔಷಧದವರು ಕೊಳ್ಳುತ್ತಿದ್ದರು.

ಗೇಟಿನಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಡೆದರು. "ಏನಯ್ಯಾ, ಬಾಣಲೆ ಬೋರಲು ಹಾಕ್ಕೊಂಡು ಹೊರಟಿದ್ದೀಯ? ಇದರ ಮೇಲೆ ಕ್ಯಾಮೆರಾ ಬೆಳಕು ಬಿದ್ರೆ ತಲೆ ಕಾಣಲ್ಲ, ಬಲ್ಬು ಕಾಣತ್ತೆ. ಜಿಡ್ಡಿಗೆ ನಿಂಬೆಹಣ್ಣೇ ಮದ್ದು. ಇದು ರಸಾಯನಶಾಸ್ತ್ರ. ಮೂವತ್ತು ವರ್ಷ ಪಾಠ ಮಾಡಿದ್ದೀನಿ, ಬಗ್ಗು!"

ಅವರು ಮೂವತ್ತು ವರ್ಷ ಮಾಡಿದ್ದು ಇತಿಹಾಸದ ಪಾಠ. ಅದು ನೆನಪಾಗುವಷ್ಟರಲ್ಲಿ ಎರಡು ನಿಂಬೆಹೋಳುಗಳು ಹಿತ್ತಾಳೆ ಪಾತ್ರೆ ಬೆಳಗುವ ರಭಸದಲ್ಲಿ ಸುಟ್ಟ ನೆತ್ತಿಯ ಮೇಲೆ ಓಡಾಡುತ್ತಿದ್ದವು.

ಕಚೇರಿ ಮುಟ್ಟಿದಾಗ ತಲೆಯೊಳಗೆ ಇರುವೆಗಳ ಸಮ್ಮೇಳನ. ಒಂದು ಕೈಯಲ್ಲಿ ಕೆರೆಯುತ್ತ, ಇನ್ನೊಂದು ಕೈಯಲ್ಲಿ ಪತ್ರಗಳನ್ನು ಲಕೋಟೆಗೆ ತುರುಕುತ್ತ ಕೂತವನ ಸುತ್ತ ಸಹೋದ್ಯೋಗಿಗಳು ಸೇರಿದರು.

"ಮೊಸರು ಹಚ್ಚಿ ಸಾರ್, ತಂಪು," ಎಂದು ಟೈಪಿಸ್ಟಮ್ಮ ತನ್ನ ಊಟದ ಡಬ್ಬಿಯನ್ನೇ ತೆರೆದಳು.

"ವಿಷಯ ಏನಪ್ಪಾ ಅಂದ್ರೆ," ಹೆಡ್ ಗುಮಾಸ್ತರು ಮೂಗಿನಲ್ಲೇ ಶುರುಮಾಡಿದರು. ಅವರ ವಿಷಯ ಏನಪ್ಪಾ ಎಂಬುದು ಸಾಮಾನ್ಯವಾಗಿ ಮೂರನೆಯ ವಾಕ್ಯದಲ್ಲಿ ತಿಳಿಯುತ್ತಿತ್ತು. "ನಮ್ಮ ಬಾಮೈದನಿಗೂ ಹೀಗೇ ಆಗಿತ್ತು. ಏನಪ್ಪಾ ಅಂದ್ರೆ, ಒಂದು ಮುಲಾಮಿದೆ. ನನ್ನ ಮೇಜಿನ ಖಾನೆಯಲ್ಲೇ ಇದೆ. ಹಚ್ಚಿ ಐದು ನಿಮಿಷಕ್ಕೆ ತೊಳೀಬೇಕು. ಐದು ಅಂದ್ರೆ ಐದೇ."

"ನಿಮ್ಮ ಬಾಮೈದ ಈಗ ಹೇಗಿದ್ದಾರೆ ಸಾರ್?"

"ಟೋಪಿ ಹಾಕ್ತಾನೆ. ಆದ್ರೆ ಕೆರೆತ ಇಲ್ಲ."

ಕೆರೆತದಲ್ಲೇ ಗಂಟೆ ಮೂರಾಗಿತ್ತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಸಾಕು. ಕಡತದ ಕೋಣೆಯಲ್ಲಿ ಮುಲಾಮು ಮೆತ್ತಿಸಿಕೊಂಡು, ಟವೆಲ್ ಸುತ್ತಿ, ಗಡಿಯಾರ ನೋಡುತ್ತ ಕೂತ. ಒಂದು ನಿಮಿಷ. ಎರಡು ನಿಮಿಷ. ಸಾಹೇಬರ ಕರೆಗಂಟೆ ಮೊಳಗಿತು.

"ಟವೆಲ್ ಯಾಕ್ರೀ?"

"ತಲೆ, ಸಾರ್..."

"ಎಲ್ಲರಿಗೂ ಇದೆ. ಕೇಳಿ. ಇವತ್ತು ಬೆಳಿಗ್ಗೆ ಎರಡು ಪತ್ರ ಕಳಿಸಿದ್ರಿ. ಒಂದು ನಮ್ಮ ದೊಡ್ಡ ಸಾಹೇಬರಿಗೆ, ಅಭಿನಂದನೆ. ಇನ್ನೊಂದು ಆ ಕಾವಲುಗಾರನಿಗೆ, ಡ್ಯೂಟಿಯಲ್ಲಿ ಮಲಗಿದ್ದಕ್ಕೆ ನೋಟೀಸು. ಈಗ ಕಾವಲುಗಾರ ಬಂದು ನನ್ನ ಕೈಕುಲುಕಿ ಹೋದ. ದೊಡ್ಡ ಸಾಹೇಬರು ಫೋನ್ ಮಾಡಿದ್ರು. 'ನಾನು ಯಾವಾಗ ಮಲಗಿದ್ದೆ? ನಿಮಗೆ ಹೇಳಿದ್ದು ಯಾರು?' ಅಂತ!"

"ಲಕೋಟೆ ಅದಲು ಬದಲಾಗಿದೆ ಸಾರ್. ತೊಳ್ಕೊಂಡು ಬಂದುಬಿಡ್ತೀನಿ, ಒಂದೇ..."

"ಕೈ ತೊಳ್ಕೊಳ್ಳೋದು ಆಮೇಲೆ! ಇಲ್ಲೇ ನಿಂತ್ಕೊಂಡು ಕ್ಷಮಾಪಣೆ ಬರೀರಿ."

ಕ್ಷಮಾಪಣೆ ನಾಲ್ಕು ಕರಡುಗಳನ್ನು ಕಂಡಿತು. ಸಾಹೇಬರು 'ವಿಷಾದ'ದಿಂದ 'ತೀವ್ರ ವಿಷಾದ'ಕ್ಕೆ ಬರುವಷ್ಟರಲ್ಲಿ ಐದು ನಿಮಿಷ ಐವತ್ತಾಗಿತ್ತು. ಗುಮಾಸ್ತನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು. ಪಶ್ಚಾತ್ತಾಪವೆಂದು ತಿಳಿದು ಸಾಹೇಬರೂ ಮೆತ್ತಗಾದರು. "ಹೋಗ್ಲಿ ಬಿಡಿ, ಅಷ್ಟೊಂದು ಮನಸ್ಸಿಗೆ ಹಚ್ಕೋಬೇಡಿ."

ಹಚ್ಚಿಕೊಂಡದ್ದು ಮನಸ್ಸಿಗಲ್ಲ ಎಂದು ಹೇಳಲು ಅವನು ನಿಲ್ಲಲಿಲ್ಲ. ನಲ್ಲಿಗೆ ಓಡಿದ. ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಕುಡಿಯುವ ನೀರಿನ ಎರಡು ಹೂಜಿಗಳಲ್ಲೇ ತೊಳೆದು ಕನ್ನಡಿ ನೋಡಿದರೆ ಹಳೇ ಗೋಡೆಯ ಸುಣ್ಣ ಎದ್ದ ಹಾಗೆ ನೆತ್ತಿಯೆಲ್ಲ ಚಕ್ಕೆ ಚಕ್ಕೆ. ನಡುವೆ ಕೆಂಪು ದ್ವೀಪಗಳು. ಮೂರು ಕಡೆ ಕೂದಲೇ ರಜೆ ಹಾಕಿತ್ತು. ಉಳಿದದ್ದು ಸವೆದ ಪೊರಕೆಯಂತೆ ದಿಕ್ಕಿಗೊಂದಾಗಿ ನಿಂತಿತ್ತು.

ಐದಕ್ಕೆ ಸ್ಟುಡಿಯೋದ ಬಾಗಿಲಲ್ಲಿ ಕ್ಷಮೆ ಕೇಳುವ ಮುಖ ಹೊತ್ತು ನಿಂತ. ಒಂದು ಮಧ್ಯಾಹ್ನದ ಅಭ್ಯಾಸವಾದ್ದರಿಂದ ಮುಖ ಚೆನ್ನಾಗಿಯೇ ಬಂದಿತ್ತು. ಕಂಪನಿಯವನು ಭೂತಗನ್ನಡಿ ಹಿಡಿದ. ಈ ಸಲ ಎರಡು ಕಣ್ಣೂ ತೆರೆದೇ ಇದ್ದವು.

"ತೀವ್ರ ವಿಷಾದ, ಸಾರ್," ಎಂದ ಗುಮಾಸ್ತ.

"ವಿಷಾದವಾ? ಅಯ್ಯೋ, ಅಲುಗಾಡ್ಬೇಡ್ರೀ!" ಕಂಪನಿಯವನು ಕ್ಯಾಮೆರಾದತ್ತ ಹಾರಿದ. "ಹೀಗೇ ಇರಿ! ಆ ಚಕ್ಕೆ ಉದುರಿಸ್ಬೇಡಿ! ಆ ಅಳುಮುಖ ಹಾಗೇ ಇರ್ಲಿ!"

ಪಟಪಟನೆ ಹತ್ತು ಫೋಟೋ. ಗುಮಾಸ್ತ ಕುಣಿಯುತ್ತ ಮನೆಗೆ ಹೋದ. ಯಾಕೆ ಮೆಚ್ಚಿದರೆಂದು ತಿಳಿಯದಿದ್ದರೂ ಮೆಚ್ಚಿದ್ದಂತೂ ನಿಜ ತಾನೆ!

ಹದಿನೈದು ದಿನದ ಮೇಲೆ ಬೋರ್ಡು ಎದ್ದಿತು. ಗುಮಾಸ್ತ ಹೆಂಡತಿಯೊಡನೆ ನೋಡಲು ಹೋದ. ತಲೆ ಇನ್ನೂ ಸುಧಾರಿಸಿರಲಿಲ್ಲ. ಬೋರ್ಡಿನಲ್ಲಿ ಬಾಗಿಲಗಲ ಎರಡು ಮುಖ, ಎರಡೂ ಅವನವೇ. ಎಡಗಡೆ ಎರಡನೆಯ ದಿನದ್ದು: 'ಬಳಸುವ ಮೊದಲು'. ಬಲಗಡೆ ಮೊದಲ ದಿನದ್ದು: 'ಬಳಸಿದ ಮೇಲೆ'. ಲಕೋಟೆ ಅದಲು ಬದಲು ಮಾಡಿದರೆ ನೋಟೀಸು. ಫೋಟೋ ಅದಲು ಬದಲು ಮಾಡಿದರೆ ವ್ಯಾಪಾರ.

ಬಸ್ಸಿಗೆ ಕಾಯುತ್ತಿದ್ದ ಅಜ್ಜಿ ಬೋರ್ಡನ್ನೂ ಅವನನ್ನೂ ನೋಡಿ ಮುಖ ಅರಳಿಸಿದಳು. "ಏನಪ್ಪಾ, ಎಡಗಡೆ ಇರೋದು ನೀನೇ ಅಲ್ವಾ?"

"ಬಲಗಡೆಯವನೂ ನಾನೇ ಅಜ್ಜಿ!"

"ಆಸೆ ನೋಡು," ಎಂದು ಅಜ್ಜಿ ಬಸ್ಸು ಹತ್ತಿದಳು.

ಮಾವ ಗೇಟಿನಲ್ಲೇ ಸಿಕ್ಕಿದರು. "ಬನ್ನಿ ಅಳಿಯಂದಿರೇ. ನಿಮ್ಮನ್ನಂತೂ ದೂರದಿಂದಲೇ ಗುರುತು ಹಿಡಿದೆ. ಆ ಪಕ್ಕದಲ್ಲಿರೋ ಹುಡುಗ ಯಾರು? ಲಕ್ಷಣವಾಗಿದ್ದಾನೆ!"

ಒಳಗೆ ಒಳ್ಳೆಯ ಕುರ್ಚಿಯಲ್ಲಿ ಷಡ್ಡಕ ಕೂತಿದ್ದ. ಎದ್ದು ಬಂದು, ಗುಮಾಸ್ತನ ಹೆಗಲ ಮೇಲೆ ಬಿದ್ದಿದ್ದ ಚಕ್ಕೆಗಳನ್ನು ಪ್ರೀತಿಯಿಂದ ಕೊಡವಿ, ಅದೇ ಶಾಂಪೂವಿನ ದೊಡ್ಡ ಸೀಸೆಯೊಂದನ್ನು ಕೈಗಿಟ್ಟ.

"ನಿಮಗೇ ಅಂತ ತಂದೆ. ನಾಚ್ಕೋಬೇಡಿ, ದಿನಾ ಹಚ್ಕೊಳ್ಳಿ. ಬುಡ ಮುಖ್ಯ ಕಣ್ರೀ, ಬುಡ!"

ಹೇಳುತ್ತ ಅವನು ದೀಪದ ಕೆಳಗೆ ಬಗ್ಗಿ ಸೀಸೆಯ ಮೇಲಿನ ಅಕ್ಷರ ಓದಿ ತೋರಿಸತೊಡಗಿದ. ಗುಮಾಸ್ತ ಬೇಡವೆಂದರೂ ಅವನ ನೆತ್ತಿಯನ್ನು ಹತ್ತಿರದಿಂದ ನೋಡಬೇಕಾಯಿತು. ನುಣ್ಣಗೆ, ತಣ್ಣಗೆ ಫಳಫಳ ಹೊಳೆಯುತ್ತಿತ್ತು. ಒಂದು ಹೊಟ್ಟಿಲ್ಲ, ಒಂದು ಗುಳ್ಳೆ ಇಲ್ಲ.