ಬೇಲಿಯಾಚೆ ಮೊಟ್ಟೆಯಿಡುವ ಕೋಳಿಗಳು

ನನಗೆ ಕೋಪ ಬಂದಿದೆ. ಬಂದು ಮೂರು ವಾರವಾಯಿತು, ಹೋಗುವ ಲಕ್ಷಣ ಕಾಣುತ್ತಿಲ್ಲ. ಯಾರ ಮೇಲೆ ಎಂದು ಕೇಳಿದರೆ ಹೇಳಲೂ ನಾಚಿಕೆ. ಮೂರು ಕೋಳಿಗಳ ಮೇಲೆ. (ಅತ್ತೆಯವರ ಮೇಲೆ ಕೋಪಿಸಿಕೊಳ್ಳುವಂತಿಲ್ಲ. ನಮ್ಮ ಬುಗಾಂಡ ಸೀಮೆಯಲ್ಲಿ ಅಳಿಯನಾದವನು ಅತ್ತೆಯ ಮುಖವನ್ನೇ ನೋಡಬಾರದು, ನೇರ ಮಾತನ್ನೂ ಆಡಬಾರದು. ಇನ್ನು ಕೋಪಿಸಿಕೊಂಡು ಏನು ಸುಖ?)

ಮೂಲದಲ್ಲಿ ತಪ್ಪು ನನ್ನದೇ. ಒಳ್ಳೆಯ ಕಪ್ಪು ಮಣ್ಣಿನ ಜಾಗ ಸಿಕ್ಕಿತೆಂದು ಹೆಂಡತಿಯ ತವರುಮನೆಯ ಪಕ್ಕದಲ್ಲೇ ಮನೆ ಕಟ್ಟಿದೆ. “ಅತ್ತೆಯ ಬೇಲಿಗೆ ಬೇಲಿ ಹಚ್ಚಿ ಯಾರಾದ್ರೂ ಮನೆ ಕಟ್ತಾರೇನಯ್ಯಾ ಸೆಬುನ್ಯಾ?” ಎಂದು ಊರೆಲ್ಲ ಹೇಳಿತು. “ಮಣ್ಣು ನೋಡ್ರೋ, ಮಣ್ಣು!” ಎಂದು ನಾನು ಹಿಡಿ ಮಣ್ಣೆತ್ತಿ ತೋರಿಸಿದೆ. ಆ ಮಣ್ಣು ಈಗ ನನ್ನ ಬಾಯಿಗೇ ಬಿದ್ದಿದೆ.

ನಾನು ಶಾಲೆಯಲ್ಲಿ ಕೃಷಿ ಪಾಠ ಮಾಡುವ ಮೇಷ್ಟ್ರು. ನಮ್ಮ ಹೆಡ್‌ಮಾಸ್ಟರರು ಎಲ್ಲರೆದುರು “ಸೆಬುನ್ಯಾ ಅವರ ಬೆಳೆಯೆಲ್ಲ ಕಪ್ಪುಹಲಗೆಯ ಮೇಲೇ” ಎಂದು ನಗುವುದುಂಟು. ಆ ನಗೆಗೆ ಬೆಂಕಿಯಿಡಬೇಕೆಂದೇ ಹಿತ್ತಲಿನಲ್ಲಿ ಬಾಳೆ, ಶೇಂಗಾ, ನಕಾಟಿ ಸೊಪ್ಪು, ಬದನೆ, ಕುಂಬಳ, ಟೊಮೆಟೊ ಹಾಕಿದೆ, ಮೂರು ಕೋಳಿ ತಂದೆ. ಮೊದಲ ಕೊಯ್ಲು ಕೈಗೆ ಬಂದ ದಿನ ಎದೆಯುಬ್ಬಿಸಿ, “ಮುಂದಿನ ವಾರ ಭಾನುವಾರ ನಮ್ಮನೇಲಿ ಊಟ ಸಾರ್. ಉಪ್ಪೊಂದು ಬಿಟ್ಟು ತಟ್ಟೇಲಿರೋದೆಲ್ಲ ನನ್ನ ಹಿತ್ತಲಿಂದೇ. ಮೊಟ್ಟೇನೂ ಅಷ್ಟೇ!” ಎಂದುಬಿಟ್ಟೆ. ಎಲ್ಲ ಮೇಷ್ಟ್ರುಗಳೂ ಕೇಳಿಸಿಕೊಂಡರು. ಇನ್ನು ಹಿಂದೆಗೆಯುವಂತಿರಲಿಲ್ಲ.

ಸೊಪ್ಪು ಮಾತು ಉಳಿಸಿಕೊಂಡಿತು, ಕುಂಬಳ ಮಾನ ಕಾಪಾಡಿತು. ದ್ರೋಹ ಬಗೆದದ್ದು ಕೋಳಿಗಳು. ಬೆಳಿಗ್ಗೆ ನನ್ನ ಜೋಳ ತಿಂದು, ನನ್ನ ಟೊಮೆಟೊ ಕುಕ್ಕಿ, ನನ್ನ ನೀರು ಕುಡಿದು, ಹತ್ತು ಗಂಟೆಗೆ ಸರಿಯಾಗಿ ಬೇಲಿ ನುಸುಳಿ ಅತ್ತೆಯವರ ಅಡುಗೆಮನೆಯ ಒಲೆಯ ಹಿಂದೆ ಹೋಗಿ ಮೊಟ್ಟೆಯಿಡುತ್ತಿದ್ದವು! ಇಟ್ಟು ಸುಮ್ಮನಿರುತ್ತವೆಯೇ? ಊರಿಗೆಲ್ಲ ಕೇಳುವಂತೆ ಸಾರುತ್ತಿದ್ದವು. ಅತ್ತೆಯವರೋ ಹಳೇ ಕಾಲದ ಹೆಂಗಸು, ಹೆಣ್ಣಾದವಳು ಮೊಟ್ಟೆ ತಿನ್ನಬಾರದೆಂಬ ಪದ್ಧತಿಯವರು, ಹುಟ್ಟಿದಾಗಿನಿಂದ ಮೊಟ್ಟೆ ಬಾಯಿಗಿಟ್ಟವರಲ್ಲ. ಹಾಗಾದರೆ ನನ್ನ ಮೊಟ್ಟೆಗಳು ಎಲ್ಲಿ ಹೋಗುತ್ತಿವೆ? ನನಗೆ ಅನುಮಾನ ಕಗ್ವನ ಮೇಲೆ. ಅವನು ನನ್ನ ನಾದಿನಿಯ ಗಂಡ, ಬೈಕಿನಲ್ಲಿ ಜನ ಸಾಗಿಸುವವನು. ಒಂದು ಮೆಣಸಿನ ಗಿಡ ನೆಟ್ಟವನಲ್ಲ, ಆದರೂ ಕೆನ್ನೆ ದಿನೇ ದಿನೇ ಉಬ್ಬುತ್ತಿತ್ತು.

“ಹೋಗಿ ನಿಮ್ಮಮ್ಮನ್ನ ಕೇಳು, ನನ್ನ ಮೊಟ್ಟೆ ಎಲ್ಲಿ ಅಂತ!” ಎಂದು ಹೆಂಡತಿ ನಕಿತೆಂಡೆಯ ಮೇಲೆ ಹಾರಾಡಿದೆ.

“ಮೊಟ್ಟೆಗೋಸ್ಕರ ಹೆತ್ತ ತಾಯೀನ ಕಳ್ಳಿ ಅನ್ನಲಾ? ಕೋಳಿ ನಿಮ್ದು ತಾನೇ, ನೀವೇ ಬುದ್ಧಿ ಹೇಳಿ. ಶಾಲೇಲಿ ಎಪ್ಪತ್ತು ಮಕ್ಕಳನ್ನ ಕೂರಿಸ್ತೀರಂತೆ, ಮೂರು ಕೋಳೀನ ಕೂರಿಸಕ್ಕಾಗಲ್ವಾ?”

ಕೂರಿಸಿದೆ. ಗೂಡಿಗೆ ಬೀಗ ಜಡಿದೆ. ಮೂರು ದಿನ ಒಂದೂ ಮೊಟ್ಟೆಯಿಡದೆ ಮುಷ್ಕರ ಹೂಡಿದವು. ನಾಲ್ಕನೆಯ ದಿನ ಬಾಗಿಲು ತೆರೆದರೆ ನೇರ ಬೇಲಿಯತ್ತ! ನನ್ನ ಪಿತ್ತ ನೆತ್ತಿಗೇರಿತು.

ಶನಿವಾರ ಬೆಳಿಗ್ಗೆ ಅತ್ತೆಯವರು ಕೊಡ ಹಿಡಿದು ಬೋರ್‌ವೆಲ್ಲಿಗೆ ಹೊರಟದ್ದು ಕಂಡಿತು. ಟೋಪಿ ಹಾಕಿಕೊಂಡು ನಾನೂ ಕೋಳಿಗಳ ದಾರಿಯಲ್ಲೇ ಬೇಲಿ ನುಸುಳಿದೆ. (ಅಳಿಯ ಅತ್ತೆಯ ಅಡುಗೆಮನೆಗೆ ಕಾಲಿಡುವುದೆಂದರೆ ನಮ್ಮಲ್ಲಿ ಎಂಥ ಮಹಾಪರಾಧವೆಂದು ಹೇಳಹೊರಟರೆ ಈ ಪುಟ ಸಾಲದು.) ಒಲೆಯ ಹಿಂದೆ, ಬಾಳೆಲೆ ಹಾಸಿದ ಬುಟ್ಟಿಯಲ್ಲಿ ಹನ್ನೊಂದು ಮೊಟ್ಟೆ! ನನ್ನವು! ಟೋಪಿ ತೆಗೆದು ಒಂದೊಂದಾಗಿ ತುಂಬಿಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಕೊಡ ಇಳಿಸಿದ ಸದ್ದು. ಅತ್ತೆಯವರು! ಅತ್ತೆ ಎದುರಾದರೆ ಮುಖ ಮರೆಸಿಕೊಳ್ಳಬೇಕೆಂದು ನಮಗೆ ಯಾರೂ ಹೇಳಬೇಕಿಲ್ಲ, ಕೈ ತಾನೇ ಆ ಕೆಲಸ ಮಾಡುತ್ತದೆ. ನನ್ನ ಕೈಯೂ ಅತ್ಯಂತ ಮರ್ಯಾದೆಯಿಂದ ಟೋಪಿಯನ್ನು ಎತ್ತಿ ಮುಖಕ್ಕೆ ಮುಚ್ಚಿಕೊಂಡಿತು.

ಹನ್ನೊಂದೂ ಒಡೆದವು.

ಅತ್ತೆಯವರು ತಕ್ಷಣ ಬೆನ್ನು ತಿರುಗಿಸಿ ನಿಂತರು. ಅವರೂ ನನ್ನೊಡನೆ ಮಾತಾಡುವಂತಿಲ್ಲವಲ್ಲ, ಹಾಗಾಗಿ ಕೆಂಪು ಕೋಳಿಯೊಡನೆ ಮಾತಾಡಿದರು: “ಏನೇ ಕೆಂಪೀ, ನಾನಂತೂ ಯಾರನ್ನೂ ನೋಡ್ಲಿಲ್ಲಮ್ಮ. ಒಳಗೆ ಯಾರಾದ್ರೂ ಇದ್ರೆ ಹೇಳ್ಬಿಡು. ನಾಳೆ ಅಳಿಯಂದಿರ ಮನೆಗೆ ಹೆಡ್‌ಮಾಸ್ಟ್ರು ಬರ್ತಾರಂತಲ್ಲ, ಅದಕ್ಕೇ ಒಂದೊಂದೇ ಕೂಡಿಟ್ಟಿದ್ದೆ. ಸಾಯಂಕಾಲ ಮಗಳ ಕೈಲಿ ಕಳಿಸೋಣಾಂತಿದ್ದೆ.”

ಕೋಳಿ “ಕೊಕ್” ಎಂದಿತು. ನಾನು ಗೋಡೆ ಸವರುತ್ತ ಬಾಗಿಲು ಹುಡುಕಿಕೊಂಡು ಓಡಿದೆ. ಗಡ್ಡದಿಂದ ಲೋಳೆ ಸುರಿಯುತ್ತಿತ್ತು.

“ಅಯ್ಯೋ, ಅಮ್ಮನ ಅಡುಗೆಮನೆಗೆ ನುಗ್ಗಿದ್ರಾ! ತಪ್ಪುಕಾಣಿಕೆ ಕೊಡದೇ ಇದ್ರೆ ಕೈ ನಡುಗೋ ಕಾಯಿಲೆ ಹಿಡಿಯುತ್ತೆ ಕಣ್ರೀ!” ಎಂದು ನಕಿತೆಂಡೆ ಎದೆ ಬಡಿದುಕೊಂಡಳು.

“ಓದಿದವನು ನಾನು, ಅದೆಲ್ಲ ನಂಬಲ್ಲ!” ಎಂದು ಗುಡುಗಿ ಚಹಾದ ಲೋಟ ಎತ್ತಿದೆ. ಕೋಪಕ್ಕೆ ಕೈ ಗಡಗಡ ನಡುಗಿ ಚಹಾ ತೊಡೆಯ ಮೇಲೆ ಚೆಲ್ಲಿತು.

“ನೋಡಿ, ಶುರುವಾಯ್ತು!”

“ಇದು ಕೋಪಕ್ಕೆ ಕಣೇ!”

“ಎಲ್ರೂ ಮೊದ್ಲು ಹಾಗೇ ಅನ್ನೋದು. ಸೀಮೆಸುಣ್ಣ ಹಿಡಿಯೋ ಕೈ, ಯೋಚ್ನೆ ಮಾಡಿ.”

ಯೋಚಿಸಿದೆ. ಯೋಚಿಸಿದಷ್ಟೂ ಕೋಪ ಬಂತು, ಕೋಪ ಬಂದಷ್ಟೂ ಕೈ ನಡುಗಿತು. ನನಗೇ ಹೆದರಿಕೆಯಾಯಿತು. ಸಂಜೆಯೊಳಗೆ ಮೂರೂ ಕೋಳಿಗಳು ಕಾಲು ಕಟ್ಟಿಸಿಕೊಂಡು, ಸಕಲ ಮರ್ಯಾದೆಯೊಂದಿಗೆ, ತಪ್ಪುಕಾಣಿಕೆಯಾಗಿ ಅತ್ತೆಯವರ ಅಂಗಳ ಸೇರಿದವು.

ಭಾನುವಾರ ಹೆಡ್‌ಮಾಸ್ಟರರು ಬೇಯಿಸಿದ ಬಾಳೆಕಾಯಿ, ಶೇಂಗಾ ಸಾರು, ನಕಾಟಿ ಸೊಪ್ಪು ಎಲ್ಲವನ್ನೂ ಬೆರಳು ಚೀಪಿಕೊಂಡು ಉಂಡರು. ಕೊನೆಗೆ “ಮೊಟ್ಟೆ?” ಎಂದರು. ನಾನು ಅವರ ತಟ್ಟೆಗೆ ಇನ್ನಷ್ಟು ಸೊಪ್ಪು ಬಡಿಸಿದೆ. “ಪರವಾಗಿಲ್ಲ ಬಿಡಿ, ನಾಳೆ ಕಪ್ಪುಹಲಗೆ ಮೇಲೆ ನೋಡ್ತೀನಿ” ಎಂದು ಕೈ ತೊಳೆದರು. ಆ ಮನುಷ್ಯನನ್ನು ಕುಂಬಳಕಾಯಿಯಿಂದ ಹೊಡೆಯಬೇಕೆನಿಸಿತು. ಕುಂಬಳವನ್ನೂ ಅವರೇ ತಿಂದು ಮುಗಿಸಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಕೋಪವೂ ಇಳಿಯುತ್ತಿತ್ತೇನೋ. ಆದರೆ ಅತ್ತೆಯವರ ಸೊತ್ತಾದ ಮರುದಿನದಿಂದಲೇ ಆ ಕೋಳಿಗಳು ಹತ್ತು ಗಂಟೆಗೆ ಸರಿಯಾಗಿ ಬೇಲಿ ನುಸುಳಿ ಬಂದು ನನ್ನ ಮಂಚದ ಕೆಳಗೆ ಮೊಟ್ಟೆಯಿಡತೊಡಗಿವೆ! ಕೈ ಚಾಚಿದರೆ ನಕಿತೆಂಡೆ, “ಮುಟ್ಟಬೇಡಿ! ಅಮ್ಮನ ಕೋಳಿ, ಅಮ್ಮನ ಮೊಟ್ಟೆ!” ಎಂದು ಬಾಚಿಕೊಂಡು ಆಚೆ ಒಯ್ಯುತ್ತಾಳೆ. ಅತ್ತೆಯವರು ತಿನ್ನುವುದಿಲ್ಲವಲ್ಲ, ಮರ್ಯಾದೆಯಾಗಿ ದೂರವಿರುವ ಅಳಿಯನಿಗೆ ಕಳಿಸುತ್ತಾರೆ. ಹೌದು, ಕಗ್ವನಿಗೇ.

ಇವತ್ತಂತೂ ತೊಳೆದು ಒಣಗಲಿಟ್ಟಿದ್ದ ನನ್ನ ಟೋಪಿಯಲ್ಲೇ ಕೆಂಪಿ ಹತ್ತಿ ಕುಳಿತಿತ್ತು. “ಶ್, ಎಬ್ಬಿಸಬೇಡಿ” ಎಂದಳು ಹೆಂಡತಿ. ಬಿಸಿಲಲ್ಲಿ ಬೋಳುತಲೆ ಕಾಯಿಸಿಕೊಂಡು ಶಾಲೆಗೆ ನಡೆದೆ.

ಸಂಜೆ ಹಿಂತಿರುಗುವಾಗ ಕಗ್ವ ಬೈಕಿನಲ್ಲಿ ಎದುರಾಗಿ, ಸೊಂಟ ಬಾಗಿಸಿ ನಮಸ್ಕಾರ ಹೇಳಿ, ಮೊಟ್ಟೆಯೊಡನೆ ಅವನ ಪಾಲಾಗಿ ಅವನ ತಲೆಯೇರಿದ್ದ ನನ್ನ ಟೋಪಿಯನ್ನು ಮರ್ಯಾದೆಯಿಂದ ಎತ್ತಿ ಮುಂದೆ ಹೋದ.