ತವರಿನ ಕಾಳು ಮೊಳೆಯಲಿಲ್ಲ

ಕಚೇರಿಯ ಕೆಲಸವನ್ನು ಮನೆಗೆ ತರಬಾರದೆಂದು ತಿಳಿದವರು ಹೇಳುತ್ತಾರೆ. ಅವರ ಕಚೇರಿಯಲ್ಲಿ ಇಲಿಗಳಿಲ್ಲವೆಂದು ಕಾಣುತ್ತದೆ. ನಾನು ಕೊಳ್ಳೇಗಾಲದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಕಾಲೇಜಿನಲ್ಲಿ ಕಾಳು ಇಟ್ಟರೆ ಬೆಳಗಾಗುವಷ್ಟರಲ್ಲಿ ಸಿಪ್ಪೆ ಉಳಿದಿರುತ್ತದೆ. ಹಾಗಾಗಿ ಪ್ರಯೋಗದ ಹೆಸರುಕಾಳನ್ನು ಮನೆಯಲ್ಲೇ ನೆನೆಹಾಕುತ್ತೇನೆ: ಒಂದು ಬಟ್ಟಲು ಬರೀ ನೀರಿನಲ್ಲಿ, ಇನ್ನೊಂದು ಬೆಳವಣಿಗೆ ತಡೆಯುವ ಔಷಧಿಯಲ್ಲಿ.

ಒಮ್ಮೆ ಹೀಗೆ ನೆನೆಹಾಕಿ ಪಾಠಕ್ಕೆ ಹೋಗಿದ್ದಾಗ ಸತ್ತೇಗಾಲದಿಂದ ಅಕ್ಕ ಬಂದಳು. ಮಗಳ ಮದುವೆಗೆ ಕುಡಿಕೆಯಲ್ಲಿ ಕಾಳು ಬಿತ್ತಿ ಮೊಳಕೆ ಬರಿಸುವ ಶಾಸ್ತ್ರ. ಕಾಳು ಸೋದರಮಾವನ ಮನೆಯಿಂದಲೇ ಹೋಗಬೇಕು. ಕೇಳುವ ಮೊದಲೇ ತಮ್ಮ ನೆನೆಸಿಟ್ಟಿದ್ದಾನೆಂದು ಅವಳ ಕಣ್ಣು ತುಂಬಿತಂತೆ. ಕೈಗೆ ಸಿಕ್ಕ ಬಟ್ಟಲನ್ನು ಎತ್ತಿಕೊಂಡು ಹೊರಟಳಂತೆ. ಇದು ನನ್ನ ಹೆಂಡತಿಯ ವರದಿ. ಪ್ರತಿ ಸಲ ಹೇಳುವಾಗಲೂ ಕಣ್ಣೀರು ಸ್ವಲ್ಪ ಹೆಚ್ಚುವುದರಿಂದ ನಾನು ಪೂರ್ತಿ ನಂಬುವುದಿಲ್ಲ.

ಮದುವೆ ಹತ್ತಿರವಿತ್ತು. ಎರಡು ದಿನ ಬಿಟ್ಟು ಅಕ್ಕನ ಫೋನು ಬಂತು. "ಲೇ, ನಿನ್ ಕಾಳು ಮೊಳೀನೇ ಇಲ್ಲ ಕಣ್ಲಾ! ತವ್ರೋರ್ಗೇ ಮನ್ಸಿಲ್ಲ, ಮದ್ವೆ ಮುಂದಕ್ಕಾಕಿ ಅಂತಾವ್ರೆ ಗಂಡಿನ್ ಕಡೆಯೋರು."

ಫೋನು ಹಿಡಿದೇ ಒಳಗೆ ಹೋಗಿ ನೋಡಿದರೆ ಔಷಧಿಯ ಬಟ್ಟಲೇ ಇಲ್ಲ.

"ಮನ್ಸಲ್ಲ ಕಣಕ್ಕ, ಔಷ್ದಿ. ಕಾಳೊಳಗೆ ಹಿಟ್ಟನ್ನ ಸಕ್ಕರೆ ಮಾಡೋ ಕಿಣ್ವ ಇರುತ್ತೆ. ಔಷ್ದಿ ಅದರ ಕೈ ಕಟ್ಟುತ್ತೆ. ಸಕ್ಕರೆ ಇಲ್ದೆ ಉಸಿರಾಟ ಕುಗ್ಗುತ್ತೆ."

"ಸತ್ತೋದ್ವಾ?"

"ಇಲ್ಲ, ನಿಧಾನಕ್ಕೆ ಉಸಿರಾಡ್ತಾ ಇರ್ತವೆ."

"ಉಸ್ರಾಡ್ತವೆ, ಏಳಕಿಲ್ಲ! ನಿಮ್ ಭಾವನೂ ಅಂಗೇ ಬಿದ್ಕಂಡವ್ರೆ. ಅವ್ರಿಗ್ಯಾವ್ ಔಷ್ದಿ ಕುಡ್ಸಿದ್ದೀಯ?"

ಬರೀ ನೀರಿನ ಕಾಳುಗಳು ಒದ್ದೆ ಬಟ್ಟೆಯಲ್ಲಿ ಬಾಲ ಬಿಟ್ಟಿದ್ದವು. ಪ್ರಯೋಗ ಹಾಳಾಗಲಿ ಎಂದು ಅವನ್ನೇ ಕಟ್ಟಿಕೊಂಡು ಬಸ್ಸು ಹತ್ತಿದೆ. ಹೊಸ ಕುಡಿಕೆಗೆ ನನ್ನ ಕೈಯಿಂದಲೇ ಹಾಕಿಸಿದರು. ಮದುವೆಯ ಹಿಂದಿನ ದಿನ ಹಸಿರು ಮೊಳಕೆ ಮಣ್ಣನ್ನು ಸೀಳಿತು. ಕೌದಳ್ಳಿಯ ಬೀಗರು ಬಗ್ಗಿ ನೋಡಿ, ಏನೂ ಆಗದವರಂತೆ ಊಟಕ್ಕೆ ಕೂತರು.

ಮದುವೆ ಮುಗಿಸಿ ಹೊರಟಾಗ ಅಕ್ಕ ಮೊಳೆಯದ ಹಳೆಯ ಕುಡಿಕೆಯನ್ನು ನನ್ನ ಕೈಗಿಟ್ಟಳು. "ಇದ್ನ ಮನೇಲಿ ಮಡಗ್ಬಾರ್ದು. ತಕಂಡೋಗು, ನಿನ್ ಪಾಠಕ್ಕಾದ್ರೂ ಆಯ್ತದೆ."

ಅರಿಸಿನದ ದಾರ ಸುತ್ತಿದ ಅದನ್ನು ಎದೆಗವಚಿಕೊಂಡು ತುಂಬಿದ ಬಸ್ಸಿನಲ್ಲಿ ನಿಂತಿದ್ದೆ. ಒಬ್ಬ ಹೆಂಗಸು ದಡಕ್ಕನೆ ಎದ್ದಳು. "ಮದ್ವೆ ಕುಡ್ಕೆ ಇಡ್ಕಂಡಿದ್ದೀರಿ, ಕೂತ್ಕಳಿ ಸಾ." ಇಷ್ಟು ವರ್ಷ ಪುಸ್ತಕ ಹೊತ್ತು ಓಡಾಡಿದ್ದೇನೆ, ಯಾರೂ ಎದ್ದಿರಲಿಲ್ಲ. "ಮೊಳ್ಕೆ ಚೆಂದಾಗ್ ಬಂತಾ?" ಎಂದು ಕೇಳಿದಳು.

ಕಿಣ್ವದಿಂದ ಶುರುಮಾಡಬಹುದಿತ್ತು. ಕಾಲು ಬೇರೆ ನೋಯುತ್ತಿತ್ತು. "ಬಂತು ತಾಯಿ" ಎಂದು ಕೂತುಬಿಟ್ಟೆ.