ಅನುಮತಿ ಪಡೆದು ನಡೆದ ದರೋಡೆ

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, ಈಗ ಎಲ್ಲಿ ಬಡ್ಡಿ ಜಾಸ್ತಿ ಸಿಗುತ್ತದೆ ಎಂಬುದು. ಗೊತ್ತಿಲ್ಲ ಎಂದರೆ ನಂಬುವುದಿಲ್ಲ. ಒಳಗಿನ ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಎರಡನೆಯದು, ನಿಮ್ಮ ಬ್ಯಾಂಕು ಯಾವಾಗಲಾದರೂ ದರೋಡೆಯಾಗಿತ್ತೇ ಎಂಬುದು. ಇದನ್ನು ಕೇಳುವಾಗ ಅವರ ಕಣ್ಣಿನಲ್ಲಿ ಒಂದು ಆಸೆ ಇರುತ್ತದೆ. ಆಗಿತ್ತು ಎಂದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅದು ಆದದ್ದು ಒಂದು ಭಾನುವಾರ, ಪ್ರಾದೇಶಿಕ ಕಚೇರಿಯ ಅನುಮತಿ ಪಡೆದು, ದರೋಡೆಕೋರರಿಗೆ ಇಡ್ಲಿ ವಡೆಯನ್ನು ನಾನೇ ಮುಂದೆ ನಿಂತು ತರಿಸಿಕೊಟ್ಟ ಮೇಲೆ ಎಂದು ಹೇಳಿದರೆ ಎಳೆದ ಕುರ್ಚಿಯನ್ನು ಹಿಂದಕ್ಕೆ ತಳ್ಳುತ್ತಾರೆ. ಅಲ್ಲಿಗೇ ಎದ್ದು ಹೋಗುವವರಿಗೆ ಕಥೆಯ ಉಳಿದ ಭಾಗ ದಕ್ಕುವುದಿಲ್ಲ. ಏಕೆಂದರೆ ನಿಜವಾದ ತೊಂದರೆ ಶುರುವಾದದ್ದು ಸೋಮವಾರ.

ಆಗ ನನ್ನ ಮನೆ ರಾಮನಗರದಲ್ಲಿ. ಚನ್ನಪಟ್ಟಣದ ದಾರಿಯಲ್ಲಿ ಕೆಂಗಲ್ ದಾಟಿ ಒಳಕ್ಕೆ ತಿರುಗಿದರೆ ಸಿಗುವ ಹಳ್ಳಿಯೊಂದರ ಶಾಖೆಗೆ ನಾನು ಮ್ಯಾನೇಜರು. ಹೆದ್ದಾರಿಯುದ್ದಕ್ಕೂ ಕಾರ್ಖಾನೆಗಳ ತಗಡಿನ ಚಾವಣಿಗಳು ಏಳುತ್ತಿದ್ದ ವರ್ಷಗಳು ಅವು. ಬೆಳಿಗ್ಗೆ ಬಸ್ಸಿಗೆ ಕಾಯುತ್ತ ನಿಂತರೆ ನೀಲಿ ಅಂಗಿಯ ಹುಡುಗರನ್ನು ತುಂಬಿಕೊಂಡ ಕಂಪನಿ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನನ್ನ ಬಸ್ಸು ಮಾತ್ರ ಬರುತ್ತಿರಲಿಲ್ಲ. ಜಮೀನು ಕಾರ್ಖಾನೆಗೆ ಹೋಗಿ ಪರಿಹಾರ ಬಂದವರು ಆ ಹಣವನ್ನು ನಮ್ಮ ಶಾಖೆಯಲ್ಲಿ ಠೇವಣಿ ಇಟ್ಟಿದ್ದರು. ಇಟ್ಟು ಮರೆತಿದ್ದರು ಎಂದುಕೊಳ್ಳಬೇಡಿ. ಹೊಲವಿದ್ದಾಗ ದಿನಾ ಒಂದು ಸುತ್ತು ಹೊಲ ನೋಡಿಕೊಂಡು ಬರುತ್ತಿದ್ದವರು ಈಗ ಬ್ಯಾಂಕು ನೋಡಿಕೊಂಡು ಹೋಗಲು ಬರುತ್ತಿದ್ದರು. ಅವರಲ್ಲಿ ಪಕ್ಕದ ಹಳ್ಳಿಯ ಕೆಂಪಮ್ಮ ಎಂಬ ಹಿರಿಯ ಹೆಂಗಸು ಎಲ್ಲರಿಗಿಂತ ಮುಂದು. ನಾವು ಬಾಗಿಲು ತೆಗೆಯುವ ಹೊತ್ತಿಗೆ ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಿದ್ದರು.

“ಏನಾಗಬೇಕಿತ್ತು ಕೆಂಪಮ್ಮನೋರೆ?” ಎಂದು ಕೇಳಿದರೆ, “ಏನಿಲ್ಲ ಕಣಪ್ಪ, ಇಂಗೇ ಒಸಿ ನೋಡ್ಕೊಂಡೋಗಾನ ಅಂತ ಬಂದೆ” ಎನ್ನುತ್ತಿದ್ದರು. ಆ ನೋಡುವುದರಲ್ಲಿ ನಾನೂ ಸೇರಿದ್ದೆ. ನನ್ನ ಚಪ್ಪಲಿ, ನನ್ನ ಊಟದ ಡಬ್ಬಿ, ನನ್ನ ಬಟ್ಟೆ ಎಲ್ಲವೂ ಅವರ ಲೆಕ್ಕಕ್ಕೆ ಬರುತ್ತಿದ್ದವು. ನಾನು ಹೊಸ ವಾಚು ಕಟ್ಟಿಕೊಂಡು ಬಂದ ದಿನ ಸ್ವಲ್ಪ ಹೆಚ್ಚು ಹೊತ್ತು ಕೂತಿದ್ದರು.

ಇಂಥ ಊರಿಗೆ ಸಿನಿಮಾದವರು ಬಂದರು. ರಾಮನಗರದ ಬಂಡೆಗಳ ಹತ್ತಿರ ಶೂಟಿಂಗ್ ಮಾಡುವವರು ಹೊಸಬರಲ್ಲ, ಆದರೆ ಇವರಿಗೆ ಬೇಕಾಗಿದ್ದದ್ದು ಬಂಡೆಯಲ್ಲ, ಬ್ಯಾಂಕು. ಟೋಪಿ ಹಾಕಿಕೊಂಡ ಯುವಕ ನಿರ್ದೇಶಕ ನನ್ನೆದುರು ಕೂತು ಕಥೆ ಹೇಳಿದ. ಹಾಸ್ಯಚಿತ್ರ. ಮೂವರು ಪೆದ್ದ ಕಳ್ಳರು ಸಣ್ಣ ಊರಿನ ಬ್ಯಾಂಕಿಗೆ ನುಗ್ಗುತ್ತಾರೆ. ಒಬ್ಬನಿಗೆ ಓದಲು ಬರುವುದಿಲ್ಲ, ಒಬ್ಬನಿಗೆ ಓಡಲು ಬರುವುದಿಲ್ಲ. ಮೂರನೆಯವನು ಅದೇ ಬ್ಯಾಂಕಿನ ಗ್ರಾಹಕ. ದರೋಡೆಯ ನಡುವೆ ತನ್ನ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಳ್ಳಲು ನಿಲ್ಲುತ್ತಾನೆ. ನಿರ್ದೇಶಕ ಇಲ್ಲಿಗೆ ಬಂದಾಗ ತಾನೇ ನಗಲು ಶುರುಮಾಡಿದ. ನನಗೆ ನಗು ಬರಲಿಲ್ಲ. ಬ್ಯಾಂಕಿಗೆ ಬೆಂಕಿ ಬಿದ್ದರೂ ಎಂಟ್ರಿ ಹಾಕಿಸಿಕೊಂಡೇ ಹೊರಗೆ ಹೋಗುವ ಗ್ರಾಹಕರು ನನಗೆ ಹಲವರು ಗೊತ್ತಿದ್ದರು.

ಆದರೆ ಆ ಕಥೆಯಲ್ಲಿ ಒಬ್ಬ ಮ್ಯಾನೇಜರ್ ಇದ್ದ. ಆ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ, ಇಲ್ಲಿಯೇ ಯಾರನ್ನಾದರೂ ನೋಡುತ್ತೇವೆ ಎಂದು ನಿರ್ದೇಶಕ ಹೇಳಿದ ಮೇಲೆ ನನಗೆ ಕಥೆ ಬಹಳ ಚೆನ್ನಾಗಿದೆ ಅನ್ನಿಸತೊಡಗಿತು. ಶನಿವಾರ ಕೂದಲಿಗೆ ಬಣ್ಣ ಹಚ್ಚಿಸಿಕೊಂಡು ಮನೆಗೆ ಹೋದೆ. ನನ್ನ ಹೆಂಡತಿ ಸರೋಜ ಬಾಗಿಲಲ್ಲೇ ನಿಲ್ಲಿಸಿ ನೋಡಿದಳು.

“ಮ್ಯಾನೇಜರ್ ಪಾತ್ರ ಮಾಡೋಕೆ ನಿಮಗೆ ಬರುತ್ತಾ?” ಎಂದಳು.

“ನಾನು ಮ್ಯಾನೇಜರೇ ಅಲ್ವೇನೇ?”

“ಅದಕ್ಕೇ ಕೇಳಿದ್ದು.”

ಭಾನುವಾರ ಬೆಳಿಗ್ಗೆ ನಿರ್ದೇಶಕ ನನ್ನನ್ನು ಮುಂದಿನಿಂದ, ಪಕ್ಕದಿಂದ, ಸ್ವಲ್ಪ ದೂರ ನಿಲ್ಲಿಸಿ ನೋಡಿದ. ಆಮೇಲೆ ಬಹಳ ವಿನಯದಿಂದ, “ತಪ್ಪು ತಿಳ್ಕೋಬೇಡಿ ಸಾರ್, ನೀವು ಮ್ಯಾನೇಜರ್ ಥರ ಕಾಣಲ್ಲ” ಎಂದ. ಅವನ ಕಣ್ಣು ನನ್ನ ಹೆಗಲಿನಾಚೆ ನಿಂತಿದ್ದ ನಮ್ಮ ಗಾರ್ಡ್ ಪುಟ್ಟಸ್ವಾಮಿಯ ಮೇಲಿತ್ತು. ಮಿಲಿಟರಿಯಲ್ಲಿದ್ದು ಬಂದ ಆಳು, ಆರಡಿ ಎತ್ತರ, ತಿರುವಿದ ಮೀಸೆ. ಹತ್ತು ನಿಮಿಷದಲ್ಲಿ ಪುಟ್ಟಸ್ವಾಮಿ ನನ್ನ ಕುರ್ಚಿಯಲ್ಲಿ ಕೂತಿದ್ದ, ನನ್ನ ಟೈ ಕಟ್ಟಿಕೊಂಡು. ನಾನು ಟೈ ಬಿಚ್ಚಿಕೊಡುವಾಗ ಅವನು ಸಂಕೋಚದಿಂದ, “ಬ್ಯಾಡ ಬುಡಿ ಸಾ, ನಿಮ್ಮ ಮುಂದೆ ನಾನೆಂಗೆ ಕುಂತ್ಕಳ್ಳಿ” ಎಂದಿದ್ದ. ಕೂತ ಮೇಲೆ ಆ ಸಂಕೋಚ ಕಾಣಲಿಲ್ಲ. ಅವನು ಬೆಲ್ ಒತ್ತಿದ ರೀತಿಗೆ ನಮ್ಮ ಅಟೆಂಡರ್ ಓಡಿಬಂದ. ನಾನು ಒತ್ತಿದಾಗ ಅವನು ಎಂದೂ ಹಾಗೆ ಓಡಿಬಂದವನಲ್ಲ. ನನಗೆ ಕೊಟ್ಟದ್ದು ಕಳ್ಳರನ್ನು ನೋಡಿದ ಕೂಡಲೇ ಮೂರ್ಛೆ ಹೋಗುವ ಗ್ರಾಹಕನ ಪಾತ್ರ. ಆಮೇಲೆ ದೃಶ್ಯ ಮುಗಿಯುವವರೆಗೂ ನೆಲದ ಮೇಲೆ ಮಲಗಿರಬೇಕು. ಮುಂದೆ ಸಿನಿಮಾ ಬಿಡುಗಡೆಯಾಗಿ ಚನ್ನಪಟ್ಟಣದ ಟಾಕೀಸಿನಲ್ಲಿ ನೋಡಿದಾಗ ಪರದೆಯ ಮೇಲೆ ನನ್ನ ಬೂಟುಗಳು ಸ್ಪಷ್ಟವಾಗಿಯೇ ಕಾಣುತ್ತಿದ್ದವು. ಪಾಲಿಷ್ ಮಾಡಿಸಿದ್ದು ವ್ಯರ್ಥವಾಗಲಿಲ್ಲ.

ಕಳ್ಳರ ಪಿಸ್ತೂಲುಗಳನ್ನು ಮಾಡಿಕೊಟ್ಟವರು ಚನ್ನಪಟ್ಟಣದ ಗೊಂಬೆ ಕೆಲಸದ ಇನಾಯತ್ ಸಾಬರು. ಅವರೂ ನಮ್ಮ ಗ್ರಾಹಕರೇ. ಮೂರು ಪಿಸ್ತೂಲು, ಪೂರ್ತಿ ಕಪ್ಪು ಬಣ್ಣ ಎಂದು ನಿರ್ದೇಶಕ ಹೇಳಿಬಂದಿದ್ದ. ಸಾಬರು ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ, ಹೊಳೆಯುವ ಪಿಸ್ತೂಲುಗಳನ್ನು ತಂದಿಟ್ಟರು. ಪ್ರತಿಯೊಂದರ ಕೊಳವೆಗೂ ಹಳದಿ, ಕೆಂಪು ಬಳೆಯಂಥ ಪಟ್ಟೆಗಳಿದ್ದವು. ನಿರ್ದೇಶಕ ತಲೆ ಮೇಲೆ ಕೈಹೊತ್ತ. ಸಾಬರು ಶಾಂತವಾಗಿ, “ಬರೀ ಕಪ್ಪು ಖರಾಬ್ ಕಾಣ್ತದೆ ಸಾಬ್. ನಮ್ಮ ಕೈಯಿಂದ ಅಂಥ ಮಾಲು ಹೊರಗೆ ಹೋಗಲ್ಲ” ಎಂದರು. ದೂರದಿಂದ ತೋರಿಸಿದರೆ ಗೊತ್ತಾಗುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಶೂಟಿಂಗ್ ಶುರುಮಾಡಿದರು.

ಒಳಗಿನ ದೃಶ್ಯಗಳೆಲ್ಲ ಚೆನ್ನಾಗಿಯೇ ಮುಗಿದವು. ಎಡವಟ್ಟಾದದ್ದು ಹೊರಗಿನ ದೃಶ್ಯದಲ್ಲಿ. ಕಳ್ಳರು ಚೀಲ ಹೊತ್ತು ಓಡುವಾಗ ಬೀದಿಯ ಜನ ಕ್ಯಾಮೆರಾ ಕಡೆ ನೋಡದೆ ಸಹಜವಾಗಿ ಬೆಚ್ಚಬೇಕು ಎಂದು ನಿರ್ದೇಶಕ ಕ್ಯಾಮೆರಾವನ್ನು ಎದುರಿನ ಟೈಲರ್ ಅಂಗಡಿಯ ಪರದೆಯ ಹಿಂದೆ ಬಚ್ಚಿಟ್ಟ. ಊರಿನವರಿಗೆ ವಿಷಯ ಗೊತ್ತಿತ್ತು. ಆದರೆ ಅದೇ ಹೊತ್ತಿಗೆ ಕೆಂಗಲ್ ಹನುಮಂತರಾಯನಿಗೆ ಪೂಜೆ ಮಾಡಿಸಿಕೊಂಡು ಬರುತ್ತಿದ್ದ ಎರಡು ಟೆಂಪೋ ಜನರಿಗೆ ಗೊತ್ತಿರಲಿಲ್ಲ. ಮೊದಲ ಟೆಂಪೋದವರು ನೋಡಿದ್ದು ಇಷ್ಟು: ಮಂಕಿಟೋಪಿ ಹಾಕಿದ ಮೂವರು ಚೀಲ ಹೊತ್ತು ಓಡುತ್ತಿದ್ದಾರೆ, ಟೈ ಕಟ್ಟಿದ ಪುಟ್ಟಸ್ವಾಮಿ “ಕಳ್ರು, ಕಳ್ರು” ಎಂದು ಹಿಂದೆ ಓಡುತ್ತಿದ್ದಾನೆ, ಮೂರ್ಛೆ ಹೋದ ನನ್ನನ್ನು ಇಬ್ಬರು ಎತ್ತಿತಂದು ಜಗಲಿಯ ಮೇಲೆ ಮಲಗಿಸುತ್ತಿದ್ದಾರೆ. ಆ ಟೆಂಪೋ ನಿಲ್ಲದೆ ಮಾಗಡಿ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಬಂದ ಎರಡನೆಯ ಟೆಂಪೋದವರಿಗೆ ಕಂಡದ್ದು ಬೇರೆ. ಶೂಟಿಂಗ್ ಮುಗಿದು, ಅದೇ ಮೂವರು ಮಂಕಿಟೋಪಿಯವರು ಚೀಲಗಳನ್ನು ಕಾಲಬಳಿ ಇಟ್ಟುಕೊಂಡು ಬೇವಿನ ಮರದ ಕೆಳಗೆ ಕೂತಿದ್ದರು. ನಾನು ಅವರಿಗೆ ಕೈಯಾರೆ ಟೀ ಹಂಚುತ್ತಿದ್ದೆ. ಅದು ಕನಕಪುರದ ಕಡೆಗೆ ಹೋಯಿತು.

ಹೀಗಾಗಿ ಸಂಜೆಯ ಹೊತ್ತಿಗೆ ಮಾಗಡಿ ಸೀಮೆಯಲ್ಲಿ ನಾನು ಸತ್ತಿದ್ದೆ. ಕನಕಪುರ ಸೀಮೆಯಲ್ಲಿ ಕಳ್ಳರಿಗೆ ಬೀಗದ ಕೈ ಕೊಟ್ಟವನೇ ನಾನಾಗಿದ್ದೆ. ಎರಡೂ ಕಡೆಯವರು ಒಪ್ಪಿದ್ದು ಒಂದೇ ಮಾತನ್ನು: ಬ್ಯಾಂಕಿನಲ್ಲಿ ಒಂದು ಕಾಸೂ ಉಳಿದಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿಳಿದು ನೋಡುತ್ತೇನೆ, ಬ್ಯಾಂಕಿನ ಮುಂದೆ ಜನವೋ ಜನ. ಎಲ್ಲರ ಕೈಯಲ್ಲೂ ಪಾಸ್‌ಬುಕ್ಕು. ಮಾಗಡಿ ಕಡೆಯ ಗುಡೇಮಾರನಹಳ್ಳಿಯ ಹಳೆಯ ಗ್ರಾಹಕರೊಬ್ಬರು ಒಂದು ದೊಡ್ಡ ಹೂವಿನ ಹಾರ ಹಿಡಿದು ನಿಂತಿದ್ದರು. ನಾನು ನಡೆದು ಬರುವುದನ್ನು ನೋಡಿ ಅವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹಾರವನ್ನು ಹಿಂದೆ ಬಚ್ಚಿಟ್ಟುಕೊಂಡರು, ಮತ್ತೆ ಮುಂದೆ ತಂದರು. ಕೊನೆಗೆ ಒಳಗೆ ಬಂದು ಗೋಡೆಯ ಮೇಲಿದ್ದ ಲಕ್ಷ್ಮಿಯ ಪಟಕ್ಕೆ ಹಾಕಿ, ನನ್ನ ಕಡೆಗೂ ಒಂದು ನಮಸ್ಕಾರ ಮಾಡಿ, ಪಾಸ್‌ಬುಕ್ಕು ತೆಗೆದು ಸಾಲಿನಲ್ಲಿ ನಿಂತರು.

ನಾನು ಮೆಟ್ಟಿಲ ಮೇಲೆ ನಿಂತು ಅದು ಸಿನಿಮಾ ಎಂದು ವಿವರಿಸಿದೆ. ಭಯಪಡಬೇಡಿ ಎಂದೆ. ಬ್ಯಾಂಕಿನವನು ಭಯಪಡಬೇಡಿ ಎಂದರೆ ಜನರಿಗೆ ಎಷ್ಟು ಭಯವಾಗುತ್ತದೆ ಎಂಬುದು ನನಗೆ ಆವತ್ತು ತಿಳಿಯಿತು. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದವರೂ ಮುಂದಕ್ಕೆ ನುಗ್ಗಿದರು. ಒಬ್ಬ ಇನ್ನೊಬ್ಬನಿಗೆ, “ಕೇಳುಸ್ಕಂಡೇನ್ಲಾ, ಸಿನ್ಮಾ ಅಂತೆ. ದುಡ್ಡು ಕೇಳುದ್ರೆ ನಾಳೆ ನಾಟ್ಕ ಅಂತಾರೆ” ಎಂದದ್ದು ನನ್ನ ಕಿವಿಗೂ ಬಿತ್ತು. ಒಂದೇ ದಿನ ಎಲ್ಲರೂ ಬಂದು ಎಲ್ಲ ಹಣ ಕೊಡಿ ಎಂದರೆ ಕೊಡಲು ಯಾವ ಶಾಖೆಯಲ್ಲೂ ಅಷ್ಟು ನಗದು ಇರುವುದಿಲ್ಲ. ಮೊದಲ ಕೆಲವರಿಗೆ ಕೊಟ್ಟು, ಮುಂದಿನವರಿಗೆ ಇಲ್ಲ ಎಂದ ಗಳಿಗೆಯಲ್ಲೇ ದರೋಡೆ ನಿಜವಾಗಿಬಿಡುತ್ತಿತ್ತು. ಹಿಂದಿನ ದಿನ ಅಷ್ಟು ಕಷ್ಟಪಟ್ಟರೂ ಬಾರದಿದ್ದ ಮೂರ್ಛೆ ಈಗ ತಾನಾಗಿಯೇ ಬರುವ ಹಾಗಿತ್ತು.

ಕ್ಯಾಷಿಯರಿಗೆ ಕೌಂಟರ್ ತೆರೆಯುವುದನ್ನು ಸ್ವಲ್ಪ ತಡಮಾಡಿ ಎಂದು ಹೇಳಿ, ಸಿನಿಮಾದವರು ಇಳಿದುಕೊಂಡಿದ್ದ ರಾಮನಗರದ ಲಾಡ್ಜಿಗೆ ಫೋನ್ ಮಾಡಿದೆ. “ದಯವಿಟ್ಟು ನಿಮ್ಮ ಕಳ್ಳರನ್ನು ಕಳಿಸಿಕೊಡಿ” ಎಂದು ಬೇಡಿಕೊಂಡೆ. ಬ್ಯಾಂಕಿನ ಇತಿಹಾಸದಲ್ಲಿ ಇಂಥ ಮಾತನ್ನು ಇನ್ನೊಬ್ಬ ಮ್ಯಾನೇಜರ್ ಆಡಿರಲಾರ. ಅವರು ಬಂಡೆಯ ಹತ್ತಿರ ಶೂಟಿಂಗಿಗೆ ಹೊರಟು ನಿಂತಿದ್ದರಂತೆ. ಹಾಗೇ ವೇಷದಲ್ಲಿಯೇ, ಚೀಲ ಪಿಸ್ತೂಲು ಸಮೇತ, ವ್ಯಾನಿನಲ್ಲಿ ಬಂದರು.

ವ್ಯಾನಿನಿಂದ ಮೂವರೂ ಇಳಿದ ಕೂಡಲೇ ಗದ್ದಲ ನಿಂತುಹೋಯಿತು. ಆಮೇಲೆ ಜನ ಅವರನ್ನು ಸುತ್ತುಗಟ್ಟಿದರು. ಕಳ್ಳರ ನಾಯಕನ ಪಾತ್ರ ಮಾಡಿದವನು ದಪ್ಪ ಶರೀರದ, ಮೆತ್ತಗಿನ ದನಿಯ ನಾಟಕದ ನಟ. “ನಾನು ಕಲಾವಿದ ಕಣಣ್ಣ” ಎನ್ನುತ್ತ ಮಂಕಿಟೋಪಿ ತೆಗೆದ. ಹಿಂದಿನ ದಿನ ಮುಖ ಕಂಡಿರಲಿಲ್ಲವಾದ್ದರಿಂದ ಇದರಿಂದ ಅವನಿಗೆ ಪ್ರಯೋಜನವಾಗಲಿಲ್ಲ. ಈಗ ಎಲ್ಲರೂ ಮುಖವನ್ನೂ ಗುರುತಿಟ್ಟುಕೊಂಡರು. ಪುಟ್ಟಸ್ವಾಮಿ ಅಡ್ಡ ಬಂದು ಕೈ ಚಾಚಿ ನಿಂತ. ಅಷ್ಟರಲ್ಲಿ ಜನರ ನಡುವಿನಿಂದ ಕೆಂಪಮ್ಮ ಬಂದರು. ನಟನ ಸೊಂಟದಲ್ಲಿದ್ದ ಪಿಸ್ತೂಲನ್ನು ಕಿತ್ತುಕೊಂಡು, ತಿರುಗಿಸಿ, ಉಗುರಿನಿಂದ ಕೆರೆದು, ಮೂಸಿ ನೋಡಿದರು.

“ಇದು ಗೊಂಬೆ ಕಣ್ರಪ್ಪ” ಎಂದರು. “ನನ್ ಮೊಮ್ಮಗಿನ ಗಿಲಕಿಗೂ ಇದೇ ಹಳದಿ ಪಟ್ಟೆ ಐತೆ.”

ಆಮೇಲೆ ಚೀಲಕ್ಕೆ ಕೈಹಾಕಿದರು. ಬಂದದ್ದು ಇನಾಯತ್ ಸಾಬರ ಕಾರ್ಖಾನೆಯ ಮರದ ಹೊಟ್ಟು. ಅದನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಉದುರಿಸಿದರು. ನಾಲ್ಕು ಜನ ನಕ್ಕರು. ಆದರೆ ಕೆಂಪಮ್ಮ ನಗಲಿಲ್ಲ. ನನ್ನ ಕಡೆ ತಿರುಗಿ, “ಸರಿ ಕಣಪ್ಪ, ಇವರು ಕಳ್ರಲ್ಲ, ಒಪ್ಕಂಡೆ. ಹಂಗಾರೆ ನನ್ನ ದುಡ್ಡೆಲ್ಲೈತೆ ತೋರ್ಸು. ನಾನೇನು ಎತ್ಕಂಡೋಗಲ್ಲ. ನೋಡ್ಬುಟ್ಟು ಬತ್ತೀನಿ” ಎಂದರು.

ಠೇವಣಿಯ ಹಣವನ್ನು ಹಾಗೆ ಒಂದೊಂದು ಗಂಟು ಕಟ್ಟಿ ಹೆಸರು ಬರೆದು ಇಡುವುದಿಲ್ಲ, ಅದು ಸಾಲವಾಗಿ ಬೇರೆಯವರಿಗೆ ಹೋಗಿರುತ್ತದೆ ಎಂದು ಅರ್ಥಶಾಸ್ತ್ರ ಹೇಳುವ ಸಮಯ ಅದಲ್ಲ. ನಿಯಮವನ್ನು ಸ್ವಲ್ಪ ಪಕ್ಕಕ್ಕಿಟ್ಟು, ಕ್ಯಾಷಿಯರನ್ನೂ ಪುಟ್ಟಸ್ವಾಮಿಯನ್ನೂ ಜೊತೆಗಿಟ್ಟುಕೊಂಡು ಸ್ಟ್ರಾಂಗ್ ರೂಮಿನ ಬಾಗಿಲು ತೆರೆದೆ. ಕೆಂಪಮ್ಮನನ್ನು ಕಂಬಿಯಾಚೆ ನಿಲ್ಲಿಸಿ ಒಳಗಿನ ನೋಟಿನ ಕಟ್ಟುಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

“ಇವು ನನ್ನವಲ್ಲ” ಎಂದರು. ನಾನು ಕ್ಯಾಷಿಯರ್ ಮುಖ ನೋಡಿದೆ. “ನನ್ನವು ಹೊಸವಿದ್ವು. ಗರಿಗರಿ.” ಮತ್ತೆ ಸ್ವಲ್ಪ ಯೋಚಿಸಿ, “ಇರ್ಲಿ ಬುಡು, ಯಾವ್ದಾದ್ರೇನು” ಎಂದು ಸೆರಗು ಸರಿಮಾಡಿಕೊಂಡು ಹೊರಗೆ ನಡೆದರು. ಮೆಟ್ಟಿಲ ಮೇಲೆ, ನಾನು ನಿಂತು ಭಾಷಣ ಮಾಡಿದ್ದ ಅದೇ ಜಾಗದಲ್ಲಿ ನಿಂತು, ದನಿ ಏರಿಸದೆ ಹೇಳಿದರು: “ಐತೆ ಕಣ್ರಪ್ಪ. ಕಣ್ಣಲ್ಲಿ ನೋಡ್ದೆ. ಓಗಿ, ಮನೆ ಕೆಲ್ಸ ನೋಡ್ಕಳಿ.”

ನಾನು ಅರ್ಧ ಗಂಟೆ ಬಡಿದಾಡಿದರೂ ಆಗದ್ದು ಅಷ್ಟರಿಂದ ಆಯಿತು. ಸಾಲು ಸಡಿಲವಾಯಿತು. ಬಂದದ್ದು ಬಂದಾಯಿತಲ್ಲ ಎಂದು ಕೆಲವರು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡರು. ಕೆಲವರು ಕಳ್ಳರ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಗುಡೇಮಾರನಹಳ್ಳಿಯವರು ನನ್ನ ಕೈ ಹಿಡಿದುಕೊಂಡು, “ಬದುಕಿದ್ದೀರಲ್ಲ ಸಾರ್, ಅಷ್ಟು ಸಾಕು” ಎಂದು ಹೇಳಿ ಬಸ್ಸಿಗೆ ಹೊರಟರು. ಮಧ್ಯಾಹ್ನದ ಹೊತ್ತಿಗೆ ಬ್ಯಾಂಕು ಖಾಲಿ. ಒಬ್ಬರೇ ಒಬ್ಬರು ಠೇವಣಿ ಮುರಿಸಲಿಲ್ಲವಲ್ಲ ಎಂದು ಎದೆಯುಬ್ಬಿಸಿ ನನ್ನ ಕೋಣೆಯಿಂದ ಹೊರಗೆ ಬಂದೆ. ನಗದು ಕೌಂಟರಿನ ಮುಂದೆ ಇನ್ನೂ ಒಬ್ಬ ಹೆಂಗಸು ತಲೆ ತುಂಬ ಸೆರಗು ಹೊದ್ದು ನಿಂತಿದ್ದರು. ಧೈರ್ಯ ಹೇಳೋಣವೆಂದು ಹತ್ತಿರ ಹೋದರೆ, ಸರೋಜ.

ಆ ಖಾತೆಯನ್ನು ನಾನೇ ಮಾಡಿಸಿದ್ದೆ. ಒಂದು ವರ್ಷದ ಕೊನೆಯಲ್ಲಿ ಹೊಸ ಖಾತೆಗಳ ಗುರಿ ಮುಟ್ಟದೆ, ಕಂಡ ಕಂಡ ನೆಂಟರ ಹೆಸರಿನಲ್ಲೆಲ್ಲ ಖಾತೆ ತೆರೆದಾಗ ಅವಳ ಹೆಸರಿನಲ್ಲೂ ಒಂದು ತೆರೆದು ಮರೆತಿದ್ದೆ. ಅವಳು ಮರೆತಿರಲಿಲ್ಲ. ಮನೆಖರ್ಚಿನಲ್ಲಿ ಉಳಿಸಿದ್ದನ್ನು ಅದಕ್ಕೆ ತುಂಬುತ್ತ ಬಂದಿದ್ದಳು.

“ಎಲ್ಲ ಸುಳ್ಳು ಸುದ್ದಿ ಕಣೇ. ಏನೂ ಆಗಿಲ್ಲ. ಶೂಟಿಂಗ್‌ನಿಂದ ಬ್ಯಾಂಕಿಗೆ ಏನೂ ಆಗಲ್ಲ ಅಂತ ನಿನ್ನೆ ಮನೆಯಲ್ಲೇ ಹೇಳಲಿಲ್ವಾ?” ಎಂದು ಪಿಸುಗುಟ್ಟಿದೆ.

“ಹೇಳಿದ್ರಿ. ಅದಕ್ಕೇ ಬಂದೆ” ಎಂದಳು. “ಟ್ಯಾಂಕು ಒಡೆದು ಮನೆ ತುಂಬ ನೀರಾಗೋ ಮುಂಚೆನೂ ಏನೂ ಆಗಲ್ಲ ಅಂದಿದ್ರಿ. ನಮ್ಮಣ್ಣನಿಗೆ ಆ ಸೈಟು ಕೊಡಿಸುವಾಗಲೂ ಏನೂ ಆಗಲ್ಲ ಅಂದಿದ್ರಿ.”

“ಕೆಂಪಮ್ಮನೇ ಕಣ್ಣಾರೆ ನೋಡಿ ಒಪ್ಪಿಕೊಂಡ್ರು.”

“ಕೆಂಪಮ್ಮನೋರು ದುಡ್ಡು ನೋಡಿದ್ದಾರೆ. ನಾನು ನಿಮ್ಮನ್ನ ನೋಡಿದೀನಿ.”

ಕ್ಯಾಷಿಯರ್ ತಲೆ ಎತ್ತದೆ ನೋಟು ಕೊಟ್ಟರು. ಅವಳು ಅದನ್ನು ಬ್ಯಾಗಿಗೆ ಹಾಕಿಕೊಂಡು, ಸಂಜೆ ಬರುವಾಗ ಕರಿಬೇವು ತನ್ನಿ ಎಂದು ಹೇಳಿ ಹೋದಳು. ಆ ದಿನದ ಘಟನೆಯ ಬಗ್ಗೆ ಪ್ರಾದೇಶಿಕ ಕಚೇರಿಗೆ ವರದಿ ಬರೆಯಬೇಕಾಗಿ ಬಂದಾಗ ನಾನು ಹೆಸರು ಬರೆಯಲಿಲ್ಲ. ವದಂತಿಯಿಂದಾಗಿ ಒಬ್ಬ ಗ್ರಾಹಕಿ ಮಾತ್ರ ಖಾತೆ ಮುಚ್ಚಿದ್ದಾರೆ ಎಂದಷ್ಟೇ ತಿಳಿಸಿದೆ. ವಾರದೊಳಗೆ ಉತ್ತರ ಬಂತು. ಪರಿಸ್ಥಿತಿಯನ್ನು ನಿಭಾಯಿಸಿದ್ದಕ್ಕೆ ಮೆಚ್ಚಿಗೆ ಸೂಚಿಸಿ, ಸದರಿ ಗ್ರಾಹಕಿಯ ಮನೆಗೆ ಮ್ಯಾನೇಜರರು ಖುದ್ದಾಗಿ ಭೇಟಿ ಕೊಟ್ಟು ಅವರ ವಿಶ್ವಾಸವನ್ನು ಮರಳಿ ಗಳಿಸತಕ್ಕದ್ದು ಎಂದು ಆದೇಶಿಸಿದ್ದರು. ಅಂದಿನಿಂದ ದಿನವೂ ತಪ್ಪದೆ ಆ ಮನೆಗೆ ಹೋಗುತ್ತಿದ್ದೇನೆ. ನಿವೃತ್ತನಾದ ಮೇಲಂತೂ ಅಲ್ಲೇ ಇದ್ದೇನೆ. ಕೆಲಸ ಇನ್ನೂ ಆಗಿಲ್ಲ.